ಬ್ಯಾರಿಕೇಡ್ ಮುಂದೆ ನಿಂತ ವ್ಯಾನು

ಪದ್ಮನಾಭನಗರದ ಒಂದು ಪ್ರೈಮರಿ ಸ್ಕೂಲಿನಲ್ಲಿ ನಾನು ಪಿ.ಟಿ. ಮೇಷ್ಟ್ರು. ಸ್ಕೂಲ್ ಬಿಡೋ ಹೊತ್ತಿಗೆ ರಸ್ತೆಗೆ ಬ್ಯಾರಿಕೇಡ್ ಎಳೆದು, ಒಂದು ಕಾರನ್ನೂ ಒಳಗೆ ಬಿಡದೆ ನಿಲ್ಲುವುದೂ ನನ್ನದೇ ಡ್ಯೂಟಿ. ಬಂದವರೆಲ್ಲ ಹೇಳುವುದು ಒಂದೇ: "ಅರ್ಜೆಂಟು ಸಾರ್, ಎರಡೇ ನಿಮಿಷ."

ಆವತ್ತು ಆಗಲೇ ಬೆಲ್ ಹೊಡೆದಿತ್ತು. ಹಾರ್ನ್ ಮಾಡದೆ ಒಂದು ಬಿಳಿ ವ್ಯಾನು ಬಂದು ನಿಂತಿತು. ನಾನು ಸರಿಯಾಗಿ ನೋಡದೆಯೇ, "ಈಗ ಬಿಡಲ್ಲ, ಹಿಂದೆ ತಗೊಳ್ಳಿ" ಅಂದೆ. ಮುಂದಿನ ಸೀಟಿನಿಂದ ನನ್ನ ವಯಸ್ಸಿನವರೊಬ್ಬರು ಇಳಿದರು.

"ಆ ಕೊನೇ ಮನೆ ನಮ್ದು ಸಾರ್. ಆಸ್ಪತ್ರೆಯಿಂದ ಅಮ್ಮನ್ನ ತಂದಿದೀವಿ."

ಗಾಜಿನೊಳಗೆ ಹೂವಿನ ಹಾರ ಕಂಡಾಗ ನನಗೆ ಅರ್ಥವಾಯಿತು. ಬ್ಯಾರಿಕೇಡಿಗೆ ಕೈ ಹಾಕಿದೆ. ಅವರು ತಡೆದರು.

"ಇರಲಿ ಸಾರ್, ಮೊದಲು ಮಕ್ಳು ಹೋಗ್ಲಿ. ಬೆಲ್ ಹೊಡೆದ್ರೆ ಸಾಕು, ಇವರನ್ನ ನೋಡಕ್ಕೇ ಅಮ್ಮ ಗೇಟಿಗೆ ಬಂದ್ಬಿಡೋರು. ನಮಗಿನ್ನೇನು ಅವಸರ?"

ಮಕ್ಕಳು ವ್ಯಾನಿನ ಎರಡೂ ಬದಿಯಲ್ಲಿ ಗಲಾಟೆ ಮಾಡುತ್ತಾ ಹೋದರು. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ನಿಂತು, "ಸಾರ್, ಈ ವ್ಯಾನಲ್ಲಿ ಯಾರು ಬರ್ತಾರೆ?" ಅಂತ ಕೇಳಿದಳು. ಅವರೇ ಬಗ್ಗಿ, "ನಮ್ಮಮ್ಮ, ಪುಟ್ಟಿ" ಅಂದರು. ಅವಳು ವ್ಯಾನಿಗೆ ಟಾಟಾ ಮಾಡಿ ಓಡಿದಳು.

ರಸ್ತೆ ಖಾಲಿಯಾದ ಮೇಲೆ ಬ್ಯಾರಿಕೇಡ್ ಸರಿಸಿದೆ. ಶೂ ಬಿಚ್ಚಿ ಪಕ್ಕಕ್ಕೆ ನಿಂತೆ. ವ್ಯಾನು ನಿಧಾನವಾಗಿ ಹೋಯಿತು.

ಮರುದಿನ ಅದೇ ಜಾಗದಲ್ಲಿ ಒಬ್ಬರು ಕಾರಿನ ಗಾಜು ಇಳಿಸಿ ಅಂದರು: "ಬಿಡಿ ಸಾರ್, ತುಂಬಾ ಅರ್ಜೆಂಟು. ಮಗೂಗೆ ಅಬಾಕಸ್ ಕ್ಲಾಸಿದೆ."