ಮೂರು ನೀರಿನ ಮೀನು, ಲೋಲಾಕ್ಷಿಯ ರಕ್ತ

ಬಂಟ್ವಾಳದ ಜತ್ತಪ್ಪ ಮೊದಲಿನಿಂದಲೂ ಹೊಳೆಯಲ್ಲಿ ಬಲೆ ಬೀಸಿ ಬದುಕಿದವನು. ಜೀವವಿರುವ ಮೀನನ್ನು ಬಸ್ಸಿನಲ್ಲಿ ಹೊತ್ತು ತರುವ ಕೆಲಸ ಅವನಿಗೆ ಸಿಕ್ಕಿದ್ದು ೧೯೬೩ರಲ್ಲಿ. ಮಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಕಮಲಾಕ್ಷ ಎಂಬವರು ಬಿ.ಸಿ.ರೋಡಿನಲ್ಲಿ ಕೋಣೆ ಹಿಡಿದಿದ್ದರು. ಬೇರೆ ಬೇರೆ ನೀರಿನಲ್ಲಿ ಬದುಕುವ ಮೀನುಗಳ ರಕ್ತವನ್ನು ಹೋಲಿಸಿ ನೋಡುವುದು ಅವರ ಸಂಶೋಧನೆ. ಬೆಳ್ತಂಗಡಿ ಕಡೆಯ ತೊರೆಗಳಿಂದ ಕಲ್ಲಿಗೆ ಅಂಟಿಕೊಳ್ಳುವ ಸಣ್ಣ ಮೀನು, ನೇತ್ರಾವತಿಯ ಹೊಳೆಮೀನು, ಮೂಡಬಿದಿರೆಯ ಪಾಚಿಗಟ್ಟಿದ ಕೆರೆಗಳ ಮುಗುಡು ಮೀನು, ಇಷ್ಟನ್ನು ಜತ್ತಪ್ಪ ತರಬೇಕು. ಸತ್ತ ಮೀನಿನಿಂದ ಪ್ರಯೋಜನವಿಲ್ಲ. ತೊರೆಯ ಮೀನುಗಳು ಗುರುವಾಯನಕೆರೆ ದಾಟುವಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮುಗುಡು ಮಾತ್ರ ಒದ್ದೆ ಗೋಣಿಯಲ್ಲೂ ಬಾಯಿ ಆಡಿಸುತ್ತ ಬದುಕಿರುತ್ತಿತ್ತು.

ಜತ್ತಪ್ಪನ ಹೆಂಡತಿ ಲೋಲಾಕ್ಷಿ ಆ ಕೋಣೆ ಗುಡಿಸಲು ಬರುತ್ತಿದ್ದಳು. ಆಗ ಅವಳು ತುಂಬಿದ ಬಸುರಿ. ಸ್ವಲ್ಪ ಗುಡಿಸಿದರೆ ಏದುಸಿರು, ಗೋಡೆಗೆ ಒರಗಿ ಕೂರುವಳು. ಯಾರೂ ನೋಡದಾಗ ಒಲೆಯ ಸುಟ್ಟ ಮಣ್ಣು ಮುರಿದು ತಿನ್ನುವಳು.

ಒಂದು ದಿನ ಕಮಲಾಕ್ಷರು ಮುಗುಡಿನ ರಕ್ತವನ್ನು ಗಾಜಿನ ನಳಿಗೆಯ ಆಮ್ಲದಲ್ಲಿ ಬೆರೆಸಿ, ಪಕ್ಕದ ಕಂದು ಬಣ್ಣದ ಗಾಜಿಗೆ ಹೊಂದುವವರೆಗೆ ಹನಿಹನಿ ನೀರು ಹಾಕುತ್ತಿದ್ದರು. "ಎಷ್ಟು ನೀರು ಹಿಡಿಸುತ್ತದೋ ರಕ್ತ ಅಷ್ಟು ಗಟ್ಟಿ. ಕೆಸರು ನೀರಿನಲ್ಲಿ ಗಾಳಿ ಕಡಿಮೆ. ಅಲ್ಲಿ ಬದುಕಲಿಕ್ಕೆ ಇಂಥ ರಕ್ತವೇ ಬೇಕು" ಎಂದು ಜತ್ತಪ್ಪನಿಗೆ ಹೇಳಿದರು.

"ನನ್ನದು ಎಷ್ಟು ಉಂಟು, ನೋಡ್ತೀರಾ?" ಎಂದು ಲೋಲಾಕ್ಷಿ ಬೆರಳು ಚಾಚಿದಳು.

ಅವರು ಮೊದಲು ಬೇಡವೆಂದರು. ಅವಳು ಕೈ ಹಿಂದೆಗೆಯಲಿಲ್ಲ. ಬೇರೊಂದು ಸೂಜಿಯನ್ನು ಕುದಿಸಿ ಚುಚ್ಚಿದರು. ಆಮ್ಲದಲ್ಲಿ ಬೆರೆತ ರಕ್ತ, ನೀರು ಹಾಕುವ ಮೊದಲೇ ಕಂದು ಗಾಜಿನ ಬಣ್ಣಕ್ಕಿಂತ ತೆಳುವಾಗಿತ್ತು. ಕಮಲಾಕ್ಷರು ಇನ್ನೊಮ್ಮೆ ಮಾಡಿ ನೋಡಿದರು. ಮತ್ತೆ ಹಾಗೆಯೇ.

"ಜತ್ತಪ್ಪ, ಇವಳನ್ನು ನಾಳೆಯೇ ಮಂಗಳೂರಿನ ಆಸ್ಪತ್ರೆಗೆ ಕರಕೊಂಡು ಹೋಗುವ. ನಾನೂ ಬರ್ತೇನೆ. ಇಷ್ಟು ರಕ್ತದಲ್ಲಿ ಹೆರಿಗೆ ಕಷ್ಟ."

ಜತ್ತಪ್ಪನ ತಾಯಿ ಸೇಸಮ್ಮ ಒಪ್ಪಲಿಲ್ಲ. "ಮೀನಿಗೆ ಚುಚ್ಚುವವ ಬಸುರಿಗೂ ಚುಚ್ಚಿದನಾ? ನಾನು ಏಳು ಹೆತ್ತಿದ್ದೇನೆ, ಯಾವ ಆಸ್ಪತ್ರೆ ಇತ್ತು?" ಎಂದಳು. ಜತ್ತಪ್ಪ ತಾಯಿಗೆ ಎದುರು ಮಾತಾಡಿದವನಲ್ಲ. ಮಳೆ ಹಿಡಿಯುವ ಮೊದಲು ಲೋಲಾಕ್ಷಿಯನ್ನು ಬೆಳ್ತಂಗಡಿಯಾಚೆಯ ತವರಿಗೆ ಬಿಟ್ಟು ಬಂದ.

ಹೆಣ್ಣು ಮಗು ಹುಟ್ಟಿತು. ಆದರೆ ತಾಯಿಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಸುದ್ದಿ ತಿಳಿದು ಜತ್ತಪ್ಪ ಅಲ್ಲಿಗೆ ಮುಟ್ಟಿದಾಗ ಅವಳ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕುರ್ಚಿಗೆ ಬಿದಿರು ಕಟ್ಟಿ ಅವಳನ್ನು ರಸ್ತೆಯವರೆಗೆ ಹೊತ್ತರು. ಅಬ್ದುಲ್ ಶುಕೂರ್ ಎಂಬ ವ್ಯಾಪಾರಿ ತನ್ನ ಲಾರಿಯ ಅಡಿಕೆ ಮೂಟೆಗಳನ್ನು ದಾರಿಬದಿಯಲ್ಲೇ ಇಳಿಸಿ ಅವರನ್ನು ಮಂಗಳೂರಿಗೆ ಮುಟ್ಟಿಸಿದ.

ಡಾಕ್ಟರು ರಕ್ತ ಕೊಡಲು ಜನ ಬೇಕೆಂದರು. ಜತ್ತಪ್ಪನದು ಹೊಂದಲಿಲ್ಲ. ಜತೆಗೆ ಬಂದಿದ್ದ ಅವಳ ಇಬ್ಬರು ಅಣ್ಣಂದಿರು ಕುಡಿಯಲು ನೀರು ತರುತ್ತೇವೆಂದು ಹೊರಗೆ ಹೋದವರು ತಿರುಗಿ ಬರಲಿಲ್ಲ. ಜತ್ತಪ್ಪ ಕಾಲೇಜಿಗೆ ಓಡಿದ. ಕಮಲಾಕ್ಷರು ಪಾಠ ಅರ್ಧಕ್ಕೆ ಬಿಟ್ಟು ಬಂದರು. ಅವರ ರಕ್ತ ಹೊಂದಿತು. ಬಾಟಲಿ ಮುಗಿಯುವ ಮುನ್ನ ಲೋಲಾಕ್ಷಿ ಸತ್ತಳು.

ಬೊಜ್ಜದ ದಿನ ಸೇಸಮ್ಮ ಉತ್ತರಕ್ರಿಯೆಗೆ ಸೇರಿದ್ದ ನೆಂಟರೆಲ್ಲರ ಎದುರು, "ಆ ಮಾಸ್ಟ್ರು ತೆಗೆದ ರಕ್ತ ಮತ್ತೆ ತುಂಬಲೇ ಇಲ್ಲ. ಅವನನ್ನು ಬಿಡಬಾರದು" ಎಂದಳು. ಅಣ್ಣಂದಿರೂ ತಲೆಯಾಡಿಸಿದರು. ಬಿ.ಸಿ.ರೋಡಿನ ಕೋಣೆಗೆ ನುಗ್ಗುವ ಮಾತೂ ಬಂತು.

ಜತ್ತಪ್ಪ ಎದ್ದು ನಿಂತ.

"ತೆಗೆದದ್ದು ಎರಡು ಹನಿ. ಕೊಟ್ಟದ್ದು ಒಂದು ಬಾಟಲಿ. ಆಸ್ಪತ್ರೆಗೆ ಹೋಗುವ ಅಂತ ಅವರು ಹೇಳಿದ್ದರು. ಕೇಳದವ ನಾನು. ಹೊಡೆಯುವುದಿದ್ದರೆ ನನಗೆ ಹೊಡೆಯಿರಿ."

ಯಾರೂ ಹೊಡೆಯಲಿಲ್ಲ. ಅಣ್ಣಂದಿರು ಊಟಕ್ಕೆ ಕೂರದೆ ಹೊರಟುಹೋದರು. ಮರುದಿನ ಸೇಸಮ್ಮ ಗಂಟು ಕಟ್ಟಿಕೊಂಡು ವಿಟ್ಲದ ಮಗಳ ಮನೆಗೆ ಹೋದಳು. ಸಾಯುವವರೆಗೂ ಮಗನ ಮನೆಯ ನೀರು ಮುಟ್ಟಲಿಲ್ಲ.

ಕಮಲಾಕ್ಷರು ಮಾತ್ರ ಆ ಬಳಿಕ ಬಿ.ಸಿ.ರೋಡಿನಲ್ಲಿ ನಿಲ್ಲಲಾರದೆ ಕೋಣೆ ಖಾಲಿ ಮಾಡಿದರು. ಕೆರೆಯ ಮೀನಿನ ಲೆಕ್ಕ ಇನ್ನೂ ಬಾಕಿಯಿತ್ತು. ಅದನ್ನು ಅವರು ಮುಗಿಸಿದರೋ ಇಲ್ಲವೋ ಜತ್ತಪ್ಪನಿಗೆ ತಿಳಿಯಲಿಲ್ಲ.

ಮಗುವನ್ನು ಲೋಲಾಕ್ಷಿಯ ತಾಯಿ ಸಾಕಿ, ನಡೆಯಲು ಕಲಿತ ಮೇಲೆ ಅಪ್ಪನ ಬಳಿ ಬಿಟ್ಟಳು. ಹೆಸರು ಕಾಂತಿ. ಬರಿಗಾಲಿನಿಂದ ಮಣ್ಣಿನ ಹುಳ ಒಳಹೊಕ್ಕು ರಕ್ತ ಹೀರುತ್ತದೆ, ಲೋಲಾಕ್ಷಿಗೆ ಆದದ್ದು ಬಹುಶಃ ಅದೇ ಎಂದು ಆಸ್ಪತ್ರೆಯ ಡಾಕ್ಟರು ಜತ್ತಪ್ಪನಿಗೆ ಹೇಳಿದ್ದರು. ಕಾಂತಿಗೆ ಮೂರು ತುಂಬುವ ಮೊದಲೇ ಅವನು ಅವಳಿಗೆ ರಬ್ಬರಿನ ಚಪ್ಪಲಿ ತಂದ. "ಮೀನು ಹಿಡಿಯುವವನ ಮಗಳಿಗೆ ಚಪ್ಪಲಿ ಯಾಕೆ ಮಾರಾಯ?" ಎಂದು ಹೊಳೆಬದಿಯವರು ನಕ್ಕರು. ಕೆಸರಿನಲ್ಲಿ ಚಪ್ಪಲಿ ಕಚ್ಚಿಕೊಂಡಾಗಲೆಲ್ಲ ಜತ್ತಪ್ಪ ಬಗ್ಗಿ, ಕಿತ್ತು, ತೊಳೆದು, ಮತ್ತೆ ಅವಳ ಕಾಲಿಗೆ ಹಾಕುತ್ತಿದ್ದ.