ಬೊಹೀಮಿಯಾದ ಏರಿನಲ್ಲಿ ಅಕ್ಕ

ಮೊನ್ನೆ ಇಲ್ಲಿ ಬಹ್ರೇನ್‌ನಲ್ಲಿ, ನಾವೀಗ ಇರುವ ಜಿಂಜ್‌ನ ಒಂದು ಪಾರ್ಕಿಂಗ್ ಏರಿನಲ್ಲಿ ತರಕಾರಿ ತುಂಬಿದ ಹಳೆ ಪಿಕಪ್ ಸಿಕ್ಕಿಹಾಕಿಕೊಂಡಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಹಿಂದಿದ್ದವರೆಲ್ಲ ಹಾರ್ನ್ ಬಾರಿಸಿ ಕಿವಿ ತೂತು ಮಾಡುತ್ತಿದ್ದರು. ಅಷ್ಟರಲ್ಲಿ ಕ್ಲಚ್ ಸುಟ್ಟ ವಾಸನೆ ನಮ್ಮ ಕಾರಿನೊಳಗೂ ನುಗ್ಗಿತು. ನಮ್ಮವರು ಮೂಗು ಮುಚ್ಚಿಕೊಂಡು ಗಾಜು ಏರಿಸಿದರು. ನಾನು ಇಳಿಸಿದೆ. "ನಿನಗೆ ಎಂತ ಆಯ್ತು ಮಾರಾಯ್ತಿ?" ಅಂದರು. ನನಗೆ ಅಕ್ಕ ನೆನಪಾಗಿದ್ದಳು...

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನಾವು ಮೊದಲಿದ್ದ ರಿಫಾದಲ್ಲಿ ನಮ್ಮ ಎದುರು ಫ್ಲ್ಯಾಟಿನವಳು, ಉಡುಪಿ ಕಡೆಯ ಬ್ಯಾರಿ ಮನೆತನದವಳು. ನಾನು ಕುಂದಾಪುರದವಳು. ಮೊದಲ ವಾರವೇ ಮೀನು ಸಾರಿನ ಪಾತ್ರೆ ಆಚೆಯಿಂದ ಈಚೆ ಬಂತು, ಆಮೇಲೆ ಖಾಲಿ ಪಾತ್ರೆ ಯಾವತ್ತೂ ತಿರುಗಿ ಹೋಗಲಿಲ್ಲ. ಅವಳ ಗಂಡನನ್ನು ನಾನು ಭಾವ ಅನ್ನುತ್ತಿದ್ದೆ. ಭಾವ ಮೊದಲು ಅಸ್ಕರ್‌ನಲ್ಲಿ ಲಾರಿ ಓಡಿಸುತ್ತಿದ್ದರು, ಆಮೇಲೆ ಮನಾಮಾದಲ್ಲಿ ಬಟ್ಟೆ ಅಂಗಡಿ ಹಾಕಿದರು. ಸ್ಟಿಯರಿಂಗ್ ಹಿಡಿಯುವುದರಲ್ಲಿ ತಮ್ಮ ಸಮ ಯಾರೂ ಇಲ್ಲ ಅನ್ನುವ ಜಂಬ ಮಾತ್ರ ಲಾರಿಯ ಜೊತೆ ಹೋಗಿರಲಿಲ್ಲ.

ಮಕ್ಕಳ ಮದುವೆಯೆಲ್ಲ ಮುಗಿದ ಮೇಲೆ ಅಕ್ಕ ಡ್ರೈವಿಂಗ್ ಕಲಿಯುತ್ತೇನೆಂದು ಹೊರಟಳು. "ಕಲಿಯುವುದಾದರೆ ಗೇರಿನ ಕಾರಿನಲ್ಲಿ ಕಲಿ, ಇಲ್ಲದಿದ್ದರೆ ಬೇಡ" ಅಂದರು ಭಾವ. ಹೆದರಿ ಬಿಟ್ಟುಬಿಡುತ್ತಾಳೆ ಅಂತ ಲೆಕ್ಕ. ಅವಳು ಬಿಡಲಿಲ್ಲ. ಆದರೆ ಟೆಸ್ಟ್ ಮೈದಾನದಲ್ಲಿ ಕಟ್ಟಿಟ್ಟ ಸಣ್ಣ ಏರು ಇದೆಯಲ್ಲ, ಅಲ್ಲಿ ನಿಲ್ಲಿಸಿ ಮತ್ತೆ ಹತ್ತಿಸಬೇಕು, ಪ್ರತಿ ಸಲ ಕಾರು ಹಿಂದೆ ಜಾರಿ ಫೇಲ್. ಭಾವನಿಗೆ ಅದೇ ಹಬ್ಬ. ಯಾರು ಮನೆಗೆ ಬಂದರೂ, "ಬಹ್ರೇನ್‌ನಲ್ಲಿ ಹುಡುಕಿದರೆ ಸಿಗುವುದು ಅದೊಂದು ಗುಡ್ಡ, ಅದನ್ನೂ ನಮ್ಮವಳಿಗೆ ಹತ್ತಲಾಗಲಿಲ್ಲ!" ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು, ಚಹಾದ ಕಪ್ಪು ಇಡುವ ಸದ್ದು ಮಾತ್ರ ಸ್ವಲ್ಪ ಜೋರಾಗುತ್ತಿತ್ತು. ಕೊನೆಗೂ ಪಾಸಾದಳು. "ಟೆಸ್ಟ್ ಮಾಡುವ ಪೊಲೀಸನಿಗೆ ಕರುಣೆ ಬಂದಿರಬೇಕು" ಅಂದರು ಭಾವ. ಭಾವ ಕಾರಿನಲ್ಲಿದ್ದರೆ ಅವಳ ಕೈಗೆ ಸ್ಟಿಯರಿಂಗ್ ಸಿಕ್ಕಿದ್ದೇ ಇಲ್ಲ.

ಒಂದು ಈದ್ ರಜೆಗೆ ನಾವು ನಾಲ್ವರೂ ಚೆಕ್ ದೇಶದ ಬೊಹೀಮಿಯಾಕ್ಕೆ ಹೋದೆವು. ಬಾಡಿಗೆ ಕಾರು ಬುಕ್ ಮಾಡಿದ್ದು ನಮ್ಮವರು. ಬಹ್ರೇನ್‌ನಲ್ಲಿದ್ದು ಅಭ್ಯಾಸ ನೋಡಿ, ಕಾರು ಅಂದರೆ ಆಟೋಮ್ಯಾಟಿಕ್ಕೇ ಅಂದುಕೊಂಡಿದ್ದರು. ಅಲ್ಲಿ ನೋಡಿದರೆ ಗೇರಿನದು! ಆಟೋಮ್ಯಾಟಿಕ್ಕಿಗೆ ಮಾತ್ರ ಕೊಟ್ಟ ನಮ್ಮವರ ಲೈಸೆನ್ಸ್‌ಗೆ ಅದು ನಡೆಯದು, ಮುಖ ಸಪ್ಪಗಾಯಿತು. ಭಾವನ ಮುಖ ಅರಳಿತು. ಎರಡನೇ ಚಾಲಕರ ಜಾಗದಲ್ಲಿ ಅಕ್ಕ ತನ್ನ ಹೆಸರು ಬರೆಸಿದಳು. ಅಂತರರಾಷ್ಟ್ರೀಯ ಲೈಸೆನ್ಸನ್ನು ಯಾರಿಗೂ ಹೇಳದೆ ಮಾಡಿಸಿಕೊಂಡು ಬಂದಿದ್ದಳು. ಭಾವ ನಕ್ಕರು, ಅಷ್ಟೆ.

ಎಂಥಾ ಊರುಗಳು ಮಾರಾಯ್ರೆ! ಕೆಂಪು ಮಾಡಿನ ಮನೆಗಳು, ಗುಡ್ಡದ ತಲೆಯ ಮೇಲೆ ಕೋಟೆ, ಕೆಳಗೆ ಹಳದಿ ಹೂವಿನ ಹೊಲ. "ಸಮುದ್ರವೇ ಇಲ್ಲದೆ ಈ ಜನ ಹೇಗೆ ಬದುಕ್ತಾರೆ?" ಅಂತ ಅಕ್ಕನಿಗೆ ಚಿಂತೆ. ಆಮೇಲೆ ದೊಡ್ಡ ದೊಡ್ಡ ಮೀನಿನ ಕೆರೆಗಳು ಕಂಡವು, ಹೊಟೇಲಿನಲ್ಲಿ ಅದೇ ಕೆರೆಯ ಮೀನು ಹುರಿದು ಕೊಟ್ಟರು. "ಮುಳ್ಳು ಜಾಸ್ತಿ, ಖಾರ ಇಲ್ಲ, ಪಾಪ, ಜನ ಒಳ್ಳೆಯವರು" ಅಂತ ತೀರ್ಪು ಕೊಟ್ಟಳು.

ಒಂದು ಕೋಟೆಯ ಅಂಗಳದಲ್ಲಿ ಭಾವ ಗೋಪುರವಿಡೀ ಫೋಟೋದಲ್ಲಿ ಬರಲಿ ಅಂತ ಹಿಂದೆ ಹಿಂದೆ ನಡೆದರು. ಕಲ್ಲುಹಾಸಿನಲ್ಲಿ ಕಾಲು ಉಳುಕಿ ದಪ್ಪಗೆ ಊದಿತು. ಆಸ್ಪತ್ರೆ ಗುಡ್ಡದ ಆಚೆಯ ಪೇಟೆಯಲ್ಲಿ. "ಕಾರಿನ ಕಂಪನಿಗೆ ಫೋನ್ ಮಾಡಿ, ಡ್ರೈವರನ್ನು ಕಳಿಸಲಿ. ಇದು ಇವಳಿಂದಾಗುವ ರಸ್ತೆ ಅಲ್ಲ" ಅಂದರು. ಅಕ್ಕ ಕೈ ಚಾಚಿದಳು.

"ಕೀ ಕೊಡಿ."

ಬಿಸ್ಮಿಲ್ಲಾ ಅಂತ ಹೊರಟಳು, ಗೇಟಿನಲ್ಲೇ ಕಾರು ಆಫ್ ಆಯಿತು. ಹಿಂದಿನ ಸೀಟಿನಿಂದ ಭಾವ, "ಕ್ಲಚ್! ಕ್ಲಚ್!" ಅಕ್ಕ ತಿರುಗಿ ನೋಡಿದಳು. "ನಿಮ್ಮ ಕಾಲು ನೀವು ನೋಡಿಕೊಳ್ಳಿ, ಕಾರು ನಾನು ನೋಡಿಕೊಳ್ತೇನೆ." ಅಬ್ಬ, ಅವರಿಗೆ ಅವಳು ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಗುಡ್ಡದ ನಡುವೆ, ಸರಿಯಾಗಿ ಏರಿನಲ್ಲಿ, ಹುಲ್ಲು ಹೇರಿದ ಟ್ರ್ಯಾಕ್ಟರ್ ಮುಂದೆ ನಿಂತುಬಿಟ್ಟಿತು. ಹಿಂದೆ ಬಸ್ಸು. ಟ್ರ್ಯಾಕ್ಟರ್ ಹೊಲಕ್ಕೆ ತಿರುಗಿದ ಮೇಲೆ ಅಕ್ಕ ಬ್ರೇಕ್ ಬಿಟ್ಟಳು, ಕಾರು ಹಿಂದಕ್ಕೆ ಜಾರಿತು. ನನ್ನ ಜೀವ ಬಾಯಿಗೆ ಬಂತು. ಅವಳು ಹ್ಯಾಂಡ್‌ಬ್ರೇಕ್ ಎಳೆದಳು, ಉಸಿರು ಎಳೆದಳು, ಮತ್ತೆ ಶುರು ಮಾಡಿದಳು. ಕ್ಲಚ್ಚಿನ ವಾಸನೆ ಘಮ್ಮಂತ ತುಂಬಿತು, ಇಂಜಿನ್ ಕಿರುಚಿತು, ಕಾರು ನಡುಗಿತು... ಆಮೇಲೆ ಏರಿತು! ನಾನು ಚಪ್ಪಾಳೆ ತಟ್ಟಿದೆ, ನಾಚಿಕೆಯೇ ಇಲ್ಲದೆ. ನಮ್ಮವರೂ ತಟ್ಟಿದರು. ಭಾವ ಕಿಟಕಿಯ ಹೊರಗೆ ನೋಡುತ್ತಿದ್ದರು.

ಮೂಳೆ ಮುರಿದಿರಲಿಲ್ಲ. ಆ ಪ್ರವಾಸದ ಉಳಿದ ಊರು, ಕೋಟೆ, ಕಾಡಿನ ದಾರಿ ಎಲ್ಲ ನಮಗೆ ತೋರಿಸಿದ್ದು ಅಕ್ಕನೇ. ನನ್ನ ಅಕ್ಕ! ಊರಿನಿಂದ ಫೋನ್ ಮಾಡಿದವರಿಗೆಲ್ಲ ಕೊಚ್ಚಿಕೊಂಡಿದ್ದೇನೆ, ಈಗಲೂ ಕೊಚ್ಚಿಕೊಳ್ಳುತ್ತೇನೆ. ಬಹ್ರೇನ್‌ಗೆ ಬಂದ ಮೇಲೆ ಭಾವ ಕೋಟೆಯ ಕತೆ ಹೇಳಿದರು, ಮೀನಿನ ಕತೆ ಹೇಳಿದರು. ಏರಿನ ಕತೆ ಮಾತ್ರ ಹೇಳಲಿಲ್ಲ. ಅಕ್ಕ ಒಮ್ಮೆ ಬಟ್ಟೆ ಮಡಚುತ್ತಾ, ನನ್ನ ಮುಖ ನೋಡದೆ ಕೇಳಿದಳು: "ನಿಮ್ಮವರ ಹತ್ರ ಇವರು ಏನಾದ್ರೂ ಹೇಳಿದ್ರಾ? ನನ್ನ ಡ್ರೈವಿಂಗ್ ಬಗ್ಗೆ?" ಇಲ್ಲ ಅಂದೆ. "ಇರಲಿ ಬಿಡು" ಅಂದಳು.

ಹೋದ ವರ್ಷ ಅಕ್ಕ ತೀರಿಕೊಂಡಳು. ಜ್ವರ ಅಂತ ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ... ನಾವು ಅಷ್ಟರಲ್ಲಿ ಜಿಂಜ್‌ಗೆ ಮನೆ ಬದಲಿಸಿದ್ದೆವು. ಸುದ್ದಿ ಕೇಳಿ ರಿಫಾಕ್ಕೆ ಓಡಿದೆ. ಹೆಂಗಸರು ಒಳಗೆ, ಗಂಡಸರು ಹಾಲಿನಲ್ಲಿ. ಬಾಗಿಲ ಪರದೆಯಾಚೆ ಭಾವನ ದನಿ ಕೇಳಿತು. ಬೊಹೀಮಿಯಾ ಅನ್ನುತ್ತಿದ್ದರು. ಅವರ ಬಾಯಲ್ಲಿ ಆ ಏರು ಗೋಡೆಯಷ್ಟು ಕಡಿದಾಗಿತ್ತು, ಟ್ರ್ಯಾಕ್ಟರ್ ಎರಡಾಗಿತ್ತು, ಪಕ್ಕದಲ್ಲಿ ಇಲ್ಲದ ಪ್ರಪಾತವೂ ಇತ್ತು. ಯಾರೋ ಕೇಳಿದರು, "ನಿಮಗೆ ಹೆದರಿಕೆ ಆಗಲಿಲ್ವಾ?"

"ಎಂತಕ್ಕೆ ಹೆದರುವುದು?" ಅಂದರು ಭಾವ. "ಓಡಿಸ್ತಾ ಇದ್ದದ್ದು ನನ್ನ ಹೆಂಡತಿ."

ನನಗೆ ಹೆಮ್ಮೆಯೂ ಬಂತು, ಸಿಟ್ಟೂ ಬಂತು, ಎರಡೂ ಸೇರಿ ಅಳು ಬಂತು. ಆ ಮಾತನ್ನು ಮನೆಯಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು, ಕೇಳಬೇಕಾದವಳೊಬ್ಬಳನ್ನು ಬಿಟ್ಟು.