ಏಳು ಬಳ್ಳಿಯಲ್ಲಿ ಹನ್ನೆರಡು ಕ್ವಿಂಟಾಲ್ ಕಾಳುಮೆಣಸು

"ಹನ್ನೆರಡು ಕ್ವಿಂಟಾಲ್ ಕಾಳುಮೆಣಸು ಬೆಳೆಯುವವರಿಗೆ ಪುಕ್ಕಟೆ ಅಕ್ಕಿ ಎಂತಕ್ಕೆ ಅಮ್ಮ?"

ಹೋದ ವಾರ ಸುಳ್ಯದಲ್ಲಿ ರೇಷನ್ ಕಾರ್ಡಿನ ಆಫೀಸರ್ ಹೀಗೆ ಕೇಳಿದಾಗ ನಾನು ಹಿಂದೆ ತಿರುಗಿ ನೋಡಿದೆ. ಯಾರೋ ದೊಡ್ಡ ಕುಳ ಬಂದು ನಿಂತಿರಬೇಕು ಅಂದುಕೊಂಡೆ.

ಯಾರೂ ಇರಲಿಲ್ಲ. ಪ್ರಶ್ನೆ ನನಗೇ.

ನಾನು ಟೈಲರ್. ಸುಳ್ಯದಲ್ಲಿ ಪುಟ್ಟ ಅಂಗಡಿ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಮರ್ಕಂಜದಲ್ಲಿ ನಾನು, ಅಮ್ಮ ಇಬ್ಬರೇ. ಮನೆಯ ಹಿಂದೆ ನಲವತ್ತು ಸೆಂಟ್ಸ್ ಜಾಗ, ಅದರಲ್ಲಿ ಹಲಸು, ಮಾವು, ಆ ಮರಗಳಿಗೆ ಹಬ್ಬಿದ ಏಳು ಮೆಣಸಿನ ಬಳ್ಳಿ.

ಏಳರಲ್ಲಿ ಮೂರು ಸೊರಗು ರೋಗ ಬಂದು ಒಣಗಿವೆ. ಉಳಿದ ನಾಲ್ಕರಲ್ಲಿ ಸಿಗುವುದು ನಮ್ಮ ಸಾರಿಗೆ ಮತ್ತು ಅಮ್ಮನ ಕಷಾಯಕ್ಕೆ ಸರಿಯಾಗುತ್ತದೆ.

ಆಫೀಸರ್ ಒಂದು ಕಾಗದ ನನ್ನ ಮುಂದೆ ಇಟ್ಟರು. "ನನ್ನ ಜಮೀನಿನಲ್ಲಿ ವರ್ಷಕ್ಕೆ ಹನ್ನೆರಡು ಕ್ವಿಂಟಾಲ್ ಕಾಳುಮೆಣಸು ಬರುತ್ತದೆ" ಅಂತ ಟೈಪ್ ಮಾಡಿತ್ತು. ಕೆಳಗೆ ಸಹಿ... ನನ್ನದೇ.

ಮುಂದಿನ ತಿಂಗಳು ಅಮ್ಮನ ಮಂಡಿ ಆಪರೇಷನ್. ಬಿಪಿಎಲ್ ಕಾರ್ಡ್ ಇದ್ದರೆ ಖರ್ಚು ಸರಕಾರದ್ದು. ಕಾರ್ಡ್ ರದ್ದಾದರೆ ಆಪರೇಷನ್ನೂ ಇಲ್ಲ.

ಈ ಸಹಿಯ ಕತೆ ಹೇಳಬೇಕು.

ಸದಾನಂದಣ್ಣ ಅಂತ ಒಬ್ಬರಿದ್ದಾರೆ. ಪುತ್ತೂರಿನಲ್ಲಿ ಎರಡು ಮದುವೆ ಹಾಲ್, ಒಂದು ಲಾಡ್ಜ್. ಅವರ ಹೆಂಡತಿಯ ಬ್ಲೌಸೆಲ್ಲ ಹೊಲಿಯುವುದು ನಾನೇ, ಹತ್ತು ವರ್ಷದಿಂದ.

ಎರಡು ವರ್ಷದ ಹಿಂದೆ ಬ್ಲೌಸ್ ಪೀಸ್ ಕೊಡಲು ಬಂದವರು, "ನಿನ್ನ ಜಾಗ ಸುಮ್ನೆ ಬಿದ್ದಿದೆ ಅಲ್ವಾ ಲಲಿತಾ, ನಂಗೆ ಲೀಸಿಗೆ ಕೊಡು" ಅಂದರು. ವರ್ಷಕ್ಕೆ ಇಷ್ಟು ಅಂತ ಕೊಡುತ್ತೇನೆ ಅಂದಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಎಷ್ಟು ಒಳ್ಳೆ ಮನಸ್ಸು ಅಂತ ಅಮ್ಮನ ಹತ್ತಿರ ಹೊಗಳಿದ್ದೂ ಹೊಗಳಿದ್ದೇ.

ಆಮೇಲೆ ಒಂದು ದಿನ ಈ ಕಾಗದ ತಂದರು. ಓದಿದೆ. ಎಲ್ಲೋ ಟೈಪಿಂಗ್ ಮಿಸ್ಟೇಕ್ ಆಗಿದೆ ಅನಿಸಿತು. ಆದರೆ ಹಳೆ ಗಿರಾಕಿ, ಎದುರಿಗೆ ನಿಂತು ನಗುತ್ತಿದ್ದಾರೆ, ಹೇಗೆ ಕೇಳುವುದು? ನಮ್ಮೂರಲ್ಲಿ ಎಷ್ಟೋ ಜನ ಹಾಳಾದದ್ದು ಈ ದಾಕ್ಷಿಣ್ಯದಿಂದಲೇ. ನಾನೂ ಸಹಿ ಹಾಕಿದೆ.

ವಿಷಯ ಇಷ್ಟೇ. ಹಾಲ್‌ನಲ್ಲಿ ಬಂದ ದುಡ್ಡಿಗೆ ಟ್ಯಾಕ್ಸ್ ಉಂಟು, ಮೆಣಸಿನಲ್ಲಿ ಬಂದ ದುಡ್ಡಿಗೆ ಇಲ್ಲ. ಹಾಗಾಗಿ ಪುತ್ತೂರಿನಲ್ಲಿ ನಡೆದ ಮದುವೆಗಳೆಲ್ಲ ಕಾಗದದಲ್ಲಿ ನಮ್ಮ ಹಲಸಿನ ಮರ ಹತ್ತಿ ಮೆಣಸಾಗುತ್ತಿದ್ದವು.

ನಾನಾದರೋ ನೂಲಿನ ಉಂಡೆಗೂ ಬ್ಲೌಸಿನ ಹುಕ್ಕಿಗೂ ಟ್ಯಾಕ್ಸ್ ಕೊಟ್ಟೇ ತರುವವಳು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸದಾನಂದಣ್ಣನಿಗೆ ಸನ್ಮಾನದ ಹುಚ್ಚು. ಶಾಲು, ಪೇಟ, ಹಣ್ಣಿನ ಬುಟ್ಟಿ ಅಂದರೆ ಎಲ್ಲಿಗೂ ಹೋಗುತ್ತಾರೆ. ಯಾರೋ "ಪ್ರಗತಿಪರ ಕೃಷಿಕ" ಪ್ರಶಸ್ತಿಗೆ ಅರ್ಜಿ ಹಾಕಿ ಅಂದಿದ್ದಾರೆ, ಇವರು ನನ್ನ ಕಾಗದವನ್ನೇ ಲಗತ್ತಿಸಿ ಹಾಕಿದ್ದಾರೆ.

ಆ ಅರ್ಜಿ ಬಂದ ಮೇಜಿನ ಪಕ್ಕದ ಮೇಜಿನಲ್ಲೇ ರೇಷನ್ ಕಾರ್ಡ್ ಪರಿಶೀಲನೆ ನಡೆಯುತ್ತಿತ್ತು. ಎರಡೂ ಕಡೆ ನನ್ನ ಹೆಸರು.

"ಸರ್, ನೀವೇ ಬಂದು ಬಳ್ಳಿ ಎಣಿಸಿ" ಅಂದೆ. ಬೇರೆ ದಾರಿ ತೋಚಲಿಲ್ಲ.

ಮರುದಿನ ಗ್ರಾಮಕರಣಿಕರನ್ನು ಕಳಿಸಿದರು. ಪಾಪದ ಮನುಷ್ಯ. ಎಣಿಸಿದರು, ಇನ್ನೊಂದು ಸುತ್ತು ಎಣಿಸಿದರು, ದನದ ಹಟ್ಟಿಯ ಹಿಂದೆಯೂ ಇಣುಕಿ ಬಂದರು. ಅಮ್ಮ ಕೋಲು ಊರಿಕೊಂಡು ಅವರ ಹಿಂದೆಯೇ.

"ಈ ಲೆಕ್ಕದಲ್ಲಿ ಒಂದೊಂದು ಬಳ್ಳಿಯಲ್ಲಿ ನೂರ ಎಪ್ಪತ್ತು ಕಿಲೋ ಬರ್ಬೇಕಲ್ಲ ಅಜ್ಜಿ?"

"ಅಷ್ಟು ಬಂದ್ರೆ ಮೊದ್ಲು ಮಾವಿನ ಮರ ಬೀಳ್ತಿತ್ತು ಮಗಾ" ಅಂದರು ಅಮ್ಮ.

ಅವರು ನಕ್ಕು ಮಜ್ಜಿಗೆ ಕುಡಿದರು. ಹಾಗಾದರೆ ಸದಾನಂದಣ್ಣನ ಹನ್ನೆರಡು ಕ್ವಿಂಟಾಲಿಗೆ ಎಂತ ಮಾಡುವುದು ಅಂತ ಕೇಳಿದೆ.

"ನನ್ನನ್ನು ಕಳಿಸಿದ್ದು ನಿಮ್ಮ ಕಾರ್ಡಿನ ಬಗ್ಗೆ ಮಾತ್ರ ಮಾರಾಯ್ರೆ. ಟ್ಯಾಕ್ಸಿನವರ ಆಫೀಸೇ ಬೇರೆ ಉಂಟು."

"ರೋಗದಿಂದ ಬೆಳೆ ನಾಶವಾಗಿದೆ, ಜಮೀನಿನಿಂದ ಆದಾಯವಿಲ್ಲ" ಅಂತ ವರದಿ ಬರೆದರು. ಕಾರ್ಡ್ ಉಳಿಯಿತು. ಆಫೀಸಿನಿಂದ ವರದಿಯ ಕಾಪಿ ಇಸ್ಕೊಂಡು ಮೆಟ್ಟಿಲಲ್ಲೇ ಕೂತು ಅತ್ತುಬಿಟ್ಟೆ, ಖುಷಿಗೆ.

ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ.

ನಿನ್ನೆ ಸದಾನಂದಣ್ಣನ ಫೋನ್. ಬೈಯುತ್ತಾರೇನೋ ಅಂತ ಹೆದರಿಕೊಂಡೇ ಎತ್ತಿದೆ. ಇಲ್ಲ, ಸ್ವರದಲ್ಲಿ ಜೇನು ಸುರಿಯುತ್ತಿತ್ತು.

"ಬೆಳೆ ಹೋಗಿದೆ ಅಂತ ನಿಂಗೆ ರಿಪೋರ್ಟ್ ಸಿಕ್ಕಿದೆಯಂತೆ ಅಲ್ವಾ ಲಲಿತಾ? ಅದರ ಒಂದು ಜೆರಾಕ್ಸ್ ಬೇಕಿತ್ತು. ಬೆಳೆ ಹೋದವರಿಗೆ ಸರಕಾರದ ಪರಿಹಾರ ಉಂಟು. ಲೀಸ್ ನನ್ನ ಹೆಸರಲ್ಲೇ ಉಂಟಲ್ಲ, ಅರ್ಜಿ ನಾನೇ ಹಾಕುದು."

ಮೈಯೆಲ್ಲ ಉರಿಯಿತು. ಬೆಳೆ ಬಂದಾಗಲೂ ಅವರಿಗೇ, ಹೋದಾಗಲೂ ಅವರಿಗೇ. ನನ್ನ ಅಮ್ಮನ ಕಾಲಿನ ಬಗ್ಗೆ ಒಂದು ಮಾತಿಲ್ಲ.

ಹತ್ತು ವರ್ಷದಲ್ಲಿ ಮೊದಲ ಸಲ ದಾಕ್ಷಿಣ್ಯ ಬಿಟ್ಟೆ. "ಜೆರಾಕ್ಸ್ ಕಳಿಸುದಿಲ್ಲ ಸದಾನಂದಣ್ಣ. ಬೇಕಿದ್ರೆ ನೀವೇ ತೋಟಕ್ಕೆ ಬನ್ನಿ, ಬಳ್ಳಿ ಎಣಿಸಿ ತೋರಿಸಿ, ಆಮೇಲೆ ಕೊಡ್ತೇನೆ" ಅಂದೆ.



"ಬರ್ತೇನೆ, ಬರ್ತೇನೆ... ಮರ್ಕಂಜದಲ್ಲಿ ಎಲ್ಲಿ ತಿರುಗುದು? ಒಂದು ಲೊಕೇಶನ್ ಹಾಕು."

ಸಹಿ ನನ್ನದೇ, ಬೈಗುಳ ನನಗೂ ಬೀಳುತ್ತದೆ ಅಂತ ಗೊತ್ತು. ಆದರೂ ಲೊಕೇಶನ್ ಕಳಿಸುವುದಂತೂ ಖಂಡಿತ. ಸದಾನಂದಣ್ಣನಿಗೋ, ಟ್ಯಾಕ್ಸಿನವರಿಗೋ ಅಂತ ಮಾತ್ರ ಯೋಚಿಸುತ್ತಿದ್ದೇನೆ... ನೀವಾಗಿದ್ದರೆ ಯಾರಿಗೆ ಕಳಿಸುತ್ತಿದ್ದಿರಿ?